ಭರಣಿಯ ಹೊಟ್ಟೆಯ ಮೇಲೊಂದು ಚಿನ್ನದ ಗೆರೆ

ಮೊನ್ನೆ ಉಪ್ಪಿನಕಾಯಿಗೆಂದು ಮಾವಿನಕಾಯಿಯ ತೊಟ್ಟು ಮುರಿದಾಗ ಸೊನೆ ಚಿಮ್ಮಿ ಬೆರಳಿಗೆ ಅಂಟಿತು. ಆ ವಾಸನೆಗೆ, ಆಕ್ಲೆಂಡಿನ ಹಿಲ್ಸ್‌ಬರೋದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಜಪಾನಿ ಆಂಟಿ ಕಣ್ಣ ಮುಂದೆ ಬಂದು ನಿಂತರು...

ಅಮ್ಮನ ಪಿಂಗಾಣಿ ಭರಣಿಯನ್ನು ವಿಮಾನದಲ್ಲಿ ಮಡಿಲಲ್ಲೇ ಇಟ್ಟುಕೊಂಡು ತಂದಿದ್ದೆ. ಒಂದು ದಿನ ಸಿಂಕಿಗೆ ಬಡಿದು, ಹೊಟ್ಟೆಯ ಹತ್ತಿರ ಅಂಗೈಯಗಲದ ಚೂರು ಎಗರಿತು.

"ಬಿಸಾಕ್ರೀ, ಅಂಗಡೀಲಿ ಬೇರೇದು ಸಿಗತ್ತೆ" ಎಂದಳು ಹೆಂಡತಿ. ಎಸೆಯಲೆಂದು ಹಿತ್ತಲಿಗೆ ತಂದಾಗ ಬೇಲಿಯಾಚೆಯಿಂದ ಆಂಟಿ ಕೈ ಚಾಚಿದರು. "ಇಲ್ಲಿ ಕೊಡು." ಅವರ ಇಂಗ್ಲಿಷೂ ನನ್ನದರಷ್ಟೇ ಮುರುಕು, ಹಾಗಾಗಿ ನಮಗೆ ಚೆನ್ನಾಗಿ ಹೊಂದುತ್ತಿತ್ತು.

ಅಂಟಿಸಲು ಅವರು ತೆಗೆದದ್ದು ಅವರ ಊರಿನ ಯಾವುದೋ ಮರದ ಸೊನೆಯಂತೆ. ಕಂದು ಬಣ್ಣ, ಜೇನಿನಷ್ಟು ಮಂದ. ತಾಕಿದರೆ ಮೈ ತುರಿಸುತ್ತದೆಂದು ಕೈಗವಸು ಕೊಟ್ಟರು. "ನಮ್ಮ ಗೇರುಕಾಯಿ ಸೊನೇನೂ ಹಿಂಗೇ ಆಂಟಿ" ಎಂದೆ. ಅದಕ್ಕೆ ಹಿಟ್ಟು ಕಲಸಿ ಚೂರನ್ನು ಕೂಡಿಸಿದರು.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಬ್ರಷ್ ಹಿಡಿದ ಪೇಂಟರ್. ಒಣಗಿಸುವುದನ್ನು ನನಗೆ ಹೇಳಿಕೊಡಬೇಕೆ? ಹೀಟರ್ ತಂದಿಟ್ಟೆ. ಆಂಟಿ ನಗುತ್ತಾ ಅದನ್ನು ಆರಿಸಿ, ಭರಣಿಯನ್ನು ಒದ್ದೆ ಬಟ್ಟೆ ಹಾಸಿದ ಪೆಟ್ಟಿಗೆಯೊಳಗಿಟ್ಟರು. ಈ ಸೊನೆ ಗಟ್ಟಿಯಾಗಲು ತೇವವೇ ಬೇಕಂತೆ! ಆಕ್ಲೆಂಡಿನ ತೇವವನ್ನು ಬೈಯದೆ ನಾನು ಒಂದು ಗೋಡೆಗೂ ಬಣ್ಣ ಹೊಡೆದವನಲ್ಲ. ಇಲ್ಲಿ ಅದೇ ನನ್ನ ಕೆಲಸ ಮಾಡಿಕೊಡುತ್ತಿತ್ತು. ದಿನಾ ಸಂಜೆ ಬೂಟು ಕೂಡ ಬಿಚ್ಚದೆ ಬೇಲಿಯ ಹತ್ತಿರ ಓಡುತ್ತಿದ್ದೆ. "ಇನ್ನೂ ಇಲ್ಲ, ಮಿಸ್ಟರ್ ಪೇಂಟರ್" ಎನ್ನುತ್ತಿದ್ದರು.

ಕೊನೆಗೆ ಬಿರುಕಿನ ಮೇಲೆ ಸೊನೆಯ ಗೆರೆ ಎಳೆದು ಚಿನ್ನದ ಪುಡಿ ಉದುರಿಸಬೇಕಿತ್ತು. ಆಂಟಿ ಕುಂಚ ಎತ್ತಿದರು, ಕೈ ನಡುಗಿತು. ಮತ್ತೆ ಎತ್ತಿದರು... ಆಮೇಲೆ ಅದನ್ನು ನನ್ನತ್ತ ಚಾಚಿದರು. "ನಿನ್ನ ಅಮ್ಮನದು. ನೀನೇ ಎಳಿ."

ಕೂದಲೆಳೆಯಂಥ ಕುಂಚ. ಉಸಿರು ಬಿಗಿಹಿಡಿದು ಎಳೆದೆ. ಎಲ್ಲೂ ಅಂಕುಡೊಂಕಾಗಲಿಲ್ಲ. ಆಂಟಿ ಪುಡಿ ಉದುರಿಸಿದಂತೆ ಗೆರೆ ಹೊತ್ತಿಕೊಂಡ ಹಾಗೆ ಹೊಳೆಯಿತು. "ಮೊದಲೇ ಸಿಕ್ಕಿದ್ದಿದ್ರೆ ನಿಂಗೆ ಎಲ್ಲ ಕಲಿಸ್ತಿದ್ದೆ" ಎಂದರು. ನನಗೆ ಸಿಕ್ಕ ಸರ್ಟಿಫಿಕೇಟು ಅದೊಂದೇ.

"ಹೊಳೆಯೋದಿರ್ಲಿ, ಸೋರತ್ತೋ ಏನೋ" ಎಂದ ಹೆಂಡತಿ, ನೀರು ತುಂಬಿಸಿ ಭರಣಿಯ ಕೆಳಗೆ ಕಾಗದ ಹಾಸಿದಳು. ಬೆಳಿಗ್ಗೆ ಕಾಗದ ಎತ್ತಿ ಬೀದಿಗೆಲ್ಲ ತೋರಿಸುವಷ್ಟು ಖುಷಿ ನನಗೆ. ಒಂದು ಹನಿಯೂ ಸೋರಿರಲಿಲ್ಲ.

ನಾವು ತಕಾನಿನಿಗೆ ಮನೆ ಬದಲಿಸಿದ ಮೇಲೆ ಆಂಟಿ ತೀರಿಕೊಂಡರೆಂದು ಕೇಳಿದೆ. ಚಿನ್ನ ಮಾಸಿದರೆ ತಾ, ಮತ್ತೆ ಹಾಕೋಣ ಎಂದಿದ್ದರು. ತೊಳೆದು ತೊಳೆದು ಈಗ ಮಾಸಿದೆ... ತೆಗೆದುಕೊಂಡು ಹೋಗಲು ಆ ಮನೆ ಇಲ್ಲ.

ಮೊನ್ನೆ ಹೋಳು ತುಂಬಿ ಬಾಯಿಗೆ ಬಟ್ಟೆ ಕಟ್ಟಿದೆ. ಹೆಂಡತಿ ಈಗಲೂ ಕೆಳಗೆ ಕಾಗದ ಹಾಸುತ್ತಾಳೆ. ಈ ಬೆಳಿಗ್ಗೆ ಎತ್ತಿ ನೋಡಿದೆ. ಒಣಗಿಯೇ ಇತ್ತು.