ಕಟ್ಟಿದ ಆಡು, ಸತ್ತಿ ಬಸ್ಸು

ನಮ್ಮ ದೊಡ್ಡವ್ವ ನೆಟ್ಟಗೆ ಕುಳಿತದ್ದನ್ನು ನಾನು ಕಂಡೇ ಇಲ್ಲ. ಕುಳಿತರೂ ಹೊಸ್ತಿಲ ಹತ್ತಿರ, ಒಂದು ಮೊಣಕಾಲು ಎತ್ತಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಇನ್ನೇನು ಎದ್ದೇಬಿಟ್ಟಳು ಅನ್ನುವ ಹಾಗೆ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಬರುವಳು, ಕಿಟಕಿಗೆ ಬಗ್ಗಿ ಹೊರಗೆ ನೋಡುತ್ತ. ರಸ್ತೆ ಬದಿಗೆ ಎಮ್ಮೆ ಕಂಡವೋ, ಅವು ಮರೆಯಾಗುವ ತನಕ ಕುತ್ತಿಗೆ ತಿರುಗಿಸಿ ನೋಡುವಳು. ಇಂಥವಳಿಗೆ ಶಾಂತವ್ವ ಎಂದು ಹೆಸರಿಟ್ಟ ಪುಣ್ಯಾತ್ಮರು ಯಾರೋ, ಸಿಕ್ಕಿದ್ದರೆ ಕೇಳುತ್ತಿದ್ದೆ.

ಅವಳು ನನ್ನ ಅವ್ವನ ಅಕ್ಕ, ಕೃಷ್ಣಾ ದಂಡೆಯ ಸತ್ತಿ ಊರಿನವಳು. ಅವ್ವ ಹೋದ ಮೇಲೆ ನನಗೆ ತವರೆಂದು ಉಳಿದವಳು ಅವಳೊಬ್ಬಳೇ. ರವಿವಾರ ಮುಂಜಾನೆಯ ಬಸ್ಸಿಗೆ ಅಥಣಿಯ ನಮ್ಮ ಮನೆಗೆ ಮೊಸರು, ಬೆಣ್ಣೆ, ತನ್ನನ್ನು ಆಯಿ ಎಂದು ಕರೆಯುವ ನನ್ನ ಮಕ್ಕಳಿಗೆ ಶೇಂಗಾ ಉಂಡಿ ಹೊತ್ತು ತರುವಳು. ಒಳಗೆ ಕಾಲಿಟ್ಟ ಕೂಡಲೇ ಮೊದಲ ಮಾತು, "ಟೈಮ್ ಎಷ್ಟಾತ ಬೇ?" ಮಧ್ಯಾಹ್ನದ ಬಸ್ಸಿಗೆ ಹೊರಡದಿದ್ದರೆ ಸಂಜೆ ಎಮ್ಮೆ ಹಿಂಡುವವರಿಲ್ಲ ಎನ್ನುವುದು ಅವಳ ಗೋಳು. ಮಗ ಇದ್ದಾನಲ್ಲ ಅಂದರೆ, "ಅವಂಗ ಎಮ್ಮಿ ಹಾಲ ಬಿಡಂಗಿಲ್ಲ" ಅನ್ನುವಳು. ಅವಳನ್ನು ಕೂಡಿಸಿ ಉಣಿಸುವಷ್ಟರಲ್ಲಿ ನನ್ನ ತಲೆಯೇ ಚಿಟ್ಟು ಹಿಡಿಯುತ್ತಿತ್ತು.

ರವಿವಾರವೇ ನಮ್ಮ ಮನೆಯಲ್ಲಿ ಸಿನಿಮಾ. ಧಾರವಾಡದ ಹಾಸ್ಟೆಲ್ಲಿನಲ್ಲಿದ್ದಾಗ ಗೆಳತಿಯ ಲ್ಯಾಪ್‌ಟಾಪಿನಲ್ಲಿ ನಾನೊಂದು ಜಪಾನಿ ಕಾರ್ಟೂನ್ ಸಿನಿಮಾ ನೋಡಿದ್ದೆ. ಅದರ ಹೆಸರು ಹೇಳಲು ಹೋದರೆ ನನ್ನ ನಾಲಿಗೆ ತೊಡರುತ್ತದೆ. ಮನೆಯಲ್ಲಿ ಅದು 'ಮೋಡದ ಪಿಚ್ಚರ್'. ನೀರು ಏರಿ ಬರುತ್ತಿರುವ ಊರನ್ನು ಬಿಟ್ಟು ಒಬ್ಬ ಹುಡುಗಿ ಅಜ್ಜನ ಕೈ ಹಿಡಿದು ಗುಡ್ಡ ಹತ್ತುತ್ತಾಳೆ. ಹಿಂಡು ತಪ್ಪಿದ ಮರಿಮೋಡವೊಂದು ಅವಳ ಬೆನ್ನು ಹತ್ತುತ್ತದೆ. ಅದನ್ನು ಅದರ ಹಿಂಡಿಗೆ ಮುಟ್ಟಿಸುವುದೇ ಕಥೆ. ಆಗಷ್ಟೇ ಅವ್ವನನ್ನು ಕಳೆದುಕೊಂಡಿದ್ದ ನಾನು ಅದನ್ನು ನೋಡಿ ಗಳಗಳ ಅತ್ತಿದ್ದೆ. ನನಗೆ ಮಕ್ಕಳಾದರೆ ಇದನ್ನು ತೋರಿಸಬೇಕು ಎಂದು ಅಂದೇ ಅಂದುಕೊಂಡಿದ್ದೆ.

ಮಗಳು ಸ್ಫೂರ್ತಿ ಎರಡನೇ ಇಯತ್ತೆಗೆ ಬಂದಳು, ಚಿನ್ನು ಅಂಗನವಾಡಿಗೆ ಹೊರಟ. ಇನ್ನು ತಡವೇಕೆ ಎಂದು ಒಂದು ರವಿವಾರ ಊಟ ಮುಗಿಸಿ, ಕಿಟಕಿಯ ಪರದೆ ಎಳೆದು, ಇಬ್ಬರನ್ನೂ ಅಕ್ಕಪಕ್ಕ ಕೂರಿಸಿಕೊಂಡು ಟಿವಿ ಹಚ್ಚಿದೆ. ಜಪಾನಿ ಮಾತಿನ ಕೆಳಗೆ ಬರುವ ಇಂಗ್ಲಿಷನ್ನು ಓದಿ ಓದಿ ಕನ್ನಡದಲ್ಲಿ ಹೇಳತೊಡಗಿದೆ. ದೊಡ್ಡವ್ವ ತನ್ನ ಹೊಸ್ತಿಲ ಮೇಲೆ, ಚೀಲ ತೊಡೆಯ ಮೇಲೆ. ಹುಡುಗಿ, ಅಜ್ಜ ಗಂಟುಮೂಟೆ ಹೊತ್ತು ಅಂಗಳ ದಾಟಿದರು. ಅಷ್ಟರಲ್ಲಿ ದೊಡ್ಡವ್ವ ದಡಕ್ಕನೆ ಎದ್ದಳು.

"ಏ ಹುಡುಗೀ! ಆಡ ಬಿಚ್ಚಲೇ! ಆಡ ಹಂಗ ಕಟ್ಟಿ ಹೊಂಟ್ಯಲ್ಲ!"

ಯಾವ ಆಡು? ನಾನು ಆ ಸಿನಿಮಾವನ್ನು ಅದೆಷ್ಟು ಸಲ ನೋಡಿದ್ದೆನೋ, ಅದರಲ್ಲಿ ಆಡು ಇದ್ದದ್ದೇ ನನಗೆ ಗೊತ್ತಿರಲಿಲ್ಲ. ಹಿಂದಕ್ಕೆ ಓಡಿಸಿ ನೋಡಿದರೆ ಹೌದು! ಅಂಗಳದ ಮೂಲೆಯ ಗಿಡಕ್ಕೆ ಒಂದು ಬಿಳಿ ಆಡು ಕಟ್ಟಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಚಿತ್ರ ಮುಂದಕ್ಕೆ ಹೋಗುತ್ತಿತ್ತು.

"ಕಥಿ ಆಡಿಂದಲ್ಲ ದೊಡ್ಡವ್ವಾ, ಮೋಡದ್ದು" ಅಂದೆ.

"ಮೋಡಕ್ಕೇನ ಧಾಡಿ, ಹಾರಿ ಹೋಗತೈತಿ. ಕಟ್ಟಿದ್ದ ಎಲ್ಲಿ ಹೋಗಬೇಕ? ನೀರ ಬರಾಕತ್ತೈತಿ ಅಲ್ಲಿ!"

ಕೆಟ್ಟಿತು ಕೆಲಸ. ಮರಿಮೋಡ ಅಳುವಾಗ ನನ್ನ ಮಕ್ಕಳು ಅಳಲಿಲ್ಲ. "ಆಡು ಏನಾತು ಮಮ್ಮಿ?" ಅಂದರು. ಮೋಡಕ್ಕೆ ಹಿಂಡು ಕಂಡಾಗ ಚಪ್ಪಾಳೆ ತಟ್ಟಲಿಲ್ಲ. "ಈಗ ಆಡು ಬಿಚ್ಚತಾರೇನು?" ಅಂದರು. ದೊಡ್ಡವ್ವನಾದರೂ ಕೊನೆತನಕ ಇದ್ದಳೇ? ಹುಡುಗಿ ಗುಡ್ಡದ ನೆತ್ತಿ ಮುಟ್ಟುವುದರೊಳಗೆ, "ಬಸ್ ಹೋಗತೈತಿ ಯವ್ವಾ" ಎನ್ನುತ್ತ ಚಪ್ಪಲಿ ಮೆಟ್ಟಿದಳು. ಬಸ್ಸಿಗೆ ಇನ್ನೂ ಹೊತ್ತಿದೆ ಎಂದರೆ ಕೇಳಬೇಕಲ್ಲ!

ಮುಂದಿನ ರವಿವಾರಗಳೂ ಹಾಗೇ ಆದವು. ಮಕ್ಕಳು ಆ ಸಿನಿಮಾ ಬಿಟ್ಟು ಬೇರೆಯದನ್ನು ಕೇಳಲಿಲ್ಲ. ಅದರ ಮೇಲಿನ ಪ್ರೀತಿಗಲ್ಲ, ಆಡಿನ ಚಿಂತೆಗೆ. ಮೂವರೂ ಕೂಡಿ ಮೂಲೆಮೂಲೆಯಲ್ಲಿ ಆಡು ಹುಡುಕುವರು. ಚಿನ್ನು ಟಿವಿಗೆ ಮೂಗು ಹಚ್ಚಿ ನಿಲ್ಲುವನು. ದೊಡ್ಡವ್ವ ಅಡಿಗೆಮನೆಗೂ ಹೊಸ್ತಿಲಿಗೂ ಓಡಾಡುತ್ತ, "ಬಿಚ್ಚಿದ್ರ? ಇನ್ನೂ ಇಲ್ಲ?" ಎಂದು ಕೇಳುವಳು. ಎದೆಯಲ್ಲಿಟ್ಟುಕೊಂಡ ಸಿನಿಮಾ ಹೀಗೆ ಹಾಳಾಯಿತಲ್ಲ ಎಂದು ನನಗೆ ಉರಿದುಹೋಯಿತು.

ಒಂದು ದಿನ ರೇಗಿಯೇಬಿಟ್ಟೆ. "ಸಾಕ ಮಾಡ ದೊಡ್ಡವ್ವಾ! ಅದು ಖರೇ ಆಡಲ್ಲ, ಬರದ ಚಿತ್ರ!"

ಅವಳು ನನ್ನ ಮುಖ ನೋಡಿದಳು. "ಬರದಾವಂಗ ಒಂದ ಹಗ್ಗ ಬಿಚ್ಚಿ ಬರಿಯಾಕ ಏನಾಗಿತ್ತ?"

ಸಿಟ್ಟಿನಲ್ಲೇ ಅವಳನ್ನು ಬಸ್ ಸ್ಟ್ಯಾಂಡಿನ ತನಕ ಬಿಡಲು ಹೊರಟೆ. ಅಲ್ಲಿ ಬಸ್ಸು ಬಂದಿರಲಿಲ್ಲ. ಕಟ್ಟೆಯ ಮೇಲೆ ಜಾಗವಿತ್ತು, ಅವಳು ಕೂರಲಿಲ್ಲ. ನಿಂತಲ್ಲೇ, ರಸ್ತೆ ನೋಡುತ್ತಲೇ ಹೇಳಿದಳು.

ದೊಡ್ಡ ಮಹಾಪೂರ ಬಂದ ವರ್ಷ. ದನಗಳನ್ನೆಲ್ಲ ಮಗ ಮೊದಲೇ ಎತ್ತರದ ಹೊಲಕ್ಕೆ ಹೊಡೆದುಕೊಂಡು ಹೋಗಿದ್ದ. ಗಬ್ಬದ ಎಮ್ಮೆಯೊಂದು ನಡೆಯಲಾರದೆ ಕೊಟ್ಟಿಗೆಯಲ್ಲೇ ಉಳಿದಿತ್ತು, ಗೌರಿ ಅಂತ. ನೀರು ಅಂಗಳಕ್ಕೆ ಬಂದಾಗ ದೋಣಿ ಬಂತು. ದೊಡ್ಡವ್ವನ ಅತ್ತೆಗೆ ನಡೆಯಲು ಕಾಲಿಲ್ಲ, ಆ ಮುದುಕಿಯನ್ನು ಎತ್ತಿಕೊಂಡು ಕೂರಿಸುವ ಗದ್ದಲದಲ್ಲಿ ಯಾರೋ ದೊಡ್ಡವ್ವನನ್ನೂ ತೋಳು ಹಿಡಿದು ಎಳೆದುಕೊಂಡರು.

"ನಿಮ್ಮ ದೊಡ್ಡಪ್ಪಗ ಕೇಳಿದೆ, ಗೌರಿ ಹಗ್ಗ ಬಿಚ್ಚಿ ಬಂದ್ರೇನ್ರಿ ಅಂತ. ಹ್ಞೂಂ ಅಂದ್ರ. ಅವರ ಮಾರಿ ನನ್ನ ಕಡೆ ಇರಲಿಲ್ಲ ನೋಡ. ನೀರ ಇಳದ ಮ್ಯಾಲ ಹೋದ್ರ ಕೊಟ್ಟಿಗಿ ಇಲ್ಲ, ಎಮ್ಮಿ ಇಲ್ಲ, ಹಗ್ಗನೂ ಇಲ್ಲ. ಬಿಚ್ಚಿದ್ರ ಈಸಿ ಎಲ್ಲೆರ ದಂಡಿ ಹತ್ತಿರತೈತಿ. ಎಮ್ಮಿಗೇನ ಈಸ ಕಲಸಬೇಕ? ಬಿಚ್ಚಿದ್ರ."

"ಆಮ್ಯಾಗ ದೊಡ್ಡಪ್ಪಗ ಮತ್ತ ಕೇಳಲಿಲ್ಲೇನ?"

"ಹೆಂಗ ಕೇಳಲಿ? ಇಲ್ಲ ಅಂದಿದ್ರ?"

ದೊಡ್ಡಪ್ಪ ತೀರಿಹೋಗಿ ಎಷ್ಟೋ ಕಾಲವಾಗಿದೆ. ಆ ಮಹಾಪೂರದಿಂದ ಇತ್ತ ಅವಳು ಕಂಡ ಕಂಡ ಎಮ್ಮೆಯನ್ನು ನೋಡುತ್ತ ಬಂದಿದ್ದಾಳೆ. ಗೌರಿಯ ಹಣೆಯಲ್ಲಿ ಬಿಳಿ ಚುಕ್ಕೆಯಿತ್ತಂತೆ. ಗೌರಿಯೇ ಇರಲಿಕ್ಕಿಲ್ಲ, ಅದರ ಕರುವಿಗಾದರೂ ಚುಕ್ಕೆ ಬಂದಿರಬಹುದು ಅಂದಳು. ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಅವಳ ಕೈ ಹಿಡಿದುಕೊಂಡೆ. ಅಷ್ಟರಲ್ಲಿ ಬಸ್ಸು ಬಂತು, ಕೈ ಬಿಡಿಸಿಕೊಂಡು ಎಲ್ಲರಿಗಿಂತ ಮೊದಲು ಹತ್ತಿದಳು, ಒಳಗೆ ಹೋಗಿ ನಿಂತಳು.

ಆಮೇಲೆ ನಾನೂ ಮಕ್ಕಳ ಜೊತೆ ಆಡು ಹುಡುಕತೊಡಗಿದೆ. ಕೊನೆಯ ಸಲ ಬಂದಾಗಲೂ ಅವಳು ಹುಡುಗಿ ಗುಡ್ಡದ ಮೇಲಿರುವಾಗಲೇ ಎದ್ದಳು. ಬಾಗಿಲಲ್ಲಿ ತಿರುಗಿ, "ಬಿಚ್ಚಿದ್ರ ನನಗ ಫೋನ್ ಮಾಡ್ರಿ" ಎಂದು ಮಕ್ಕಳಿಗೆ ಹೇಳಿ ಹೋದಳು. ಮುಂದಿನ ರವಿವಾರ ಬರಲಿಲ್ಲ. ಜ್ವರ ಅಂದರು. ವಾರದ ನಡುವೆ ಅವಳ ಮಗ ಫೋನ್ ಮಾಡಿದ. ನಾನು ಸತ್ತಿ ಮುಟ್ಟುವಷ್ಟರಲ್ಲಿ, ತೀರಿಹೋದವರನ್ನು ಕೂರಿಸುವ ನಮ್ಮ ಪದ್ಧತಿಯಂತೆ, ಅವಳನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಅಷ್ಟು ಅಲುಗದೆ ಕುಳಿತ ದೊಡ್ಡವ್ವನನ್ನು ನೋಡಲು ನನ್ನಿಂದ ಆಗಲಿಲ್ಲ, ಕೊಟ್ಟಿಗೆಗೆ ಹೋಗಿ ಅತ್ತೆ.

ಎಷ್ಟೋ ರವಿವಾರ ಟಿವಿ ಹಚ್ಚಲಿಲ್ಲ. ಕಡೆಗೊಮ್ಮೆ ಸ್ಫೂರ್ತಿಯೇ, "ಮೋಡದ ಪಿಚ್ಚರ್ ಹಚ್ಚ ಮಮ್ಮಿ" ಅಂದಳು. ಹಚ್ಚಿದೆ. ಹೊಸ್ತಿಲ ಕಡೆ ನೋಡಬಾರದು ಎಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಮೋಡ ಹಿಂಡು ಸೇರಿತು, ಕಥೆ ಮುಗಿಯಿತು, ಜಪಾನಿ ಅಕ್ಷರಗಳು ಮೇಲೇರತೊಡಗಿದವು. ಆ ಅಕ್ಷರ ಕಂಡ ಕೂಡಲೇ ಟಿವಿ ಬಂದ್ ಮಾಡುವುದು ಹಾಸ್ಟೆಲ್ಲಿನಿಂದಲೂ ನನ್ನ ರೂಢಿ, ಓದಲು ಬರದ್ದನ್ನು ಏನು ನೋಡುವುದು ಎಂದು. ಅಂದು ಚಿನ್ನು ತೊಡೆಯ ಮೇಲೆ ಕುಳಿತಿದ್ದ, ರಿಮೋಟು ದೂರವಿತ್ತು, ನನಗೆ ಏಳುವ ಮನಸ್ಸಿರಲಿಲ್ಲ.

ಅಕ್ಷರಗಳ ಪಕ್ಕದಲ್ಲಿ ಸಣ್ಣ ಸಣ್ಣ ಚಿತ್ರಗಳು ಬಂದವು. ಗುಡ್ಡದ ಮೇಲೆ ಹೊಸ ಮನೆ. ಕಟ್ಟಿಗೆ ಒಡೆಯುವ ಅಜ್ಜ. ಬಾಗಿಲಲ್ಲಿ ಹುಡುಗಿ. ಅವಳ ಎದುರಿಗೆ ಬಿಳಿ ಆಡು. ಅದರ ಕೊರಳಲ್ಲಿ ಗೇಣುದ್ದ ಹಗ್ಗ ಜೋತುಬಿದ್ದಿತ್ತು, ತುದಿ ಎಳೆಎಳೆಯಾಗಿ.

"ಮಮ್ಮಿ! ಯಾರೂ ಬಿಚ್ಚಿಲ್ಲ, ಅದ ಹರಕೊಂಡ ಬಂದೈತಿ!" ಸ್ಫೂರ್ತಿ ಕಿರುಚಿದಳು.

ಚಿನ್ನು ನನ್ನ ತೊಡೆಯಿಂದ ಜಿಗಿದು ಖಾಲಿ ಹೊಸ್ತಿಲಿಗೆ ಓಡಿದ. "ಆಯೀ, ಆಡ ಬಂತ ಬೇ! ಹರಕೊಂಡ ಬಂತ!"

ನನಗೆ ಕುಳಿತಿರಲಾಗಲಿಲ್ಲ. ಎದ್ದು ಬಂದು ಅವನನ್ನು ಎತ್ತಿಕೊಂಡೆ. ಕಣ್ಣು ಒರೆಸಿಕೊಂಡು ಗಡಿಯಾರ ನೋಡಿದೆ. ದೊಡ್ಡವ್ವನ ಸತ್ತಿ ಬಸ್ಸಿಗೆ ಇನ್ನೂ ಹೊತ್ತಿತ್ತು.