ಏನನ್ನೂ ಕೊಳ್ಳದೆ ಬದುಕಿದ ವರ್ಷ

ಅಂಗಡಿಯ ಬಿಸ್ಕಿಟು ಕನಸಿನಲ್ಲಿ ಬರುತ್ತಿದ್ದ ದಿನಗಳು ಅವು. ನನಗೆ ಹನ್ನೊಂದು ವರ್ಷ, ತಮ್ಮ ಚರಣನಿಗೆ ಆರು. ಮಸ್ಕತ್ತಿನ ಹೋಟೆಲಿನಲ್ಲಿ ಕೆಲಸಕ್ಕಿದ್ದ ಅಪ್ಪ, ದಿನವೂ ರಾಶಿಗಟ್ಟಲೆ ಅನ್ನ ಕಸಕ್ಕೆ ಹೋಗುವುದನ್ನು ನೋಡಿ ನೋಡಿ ಬೇಸತ್ತು ಊರಿಗೆ ಬಂದುಬಿಟ್ಟಿದ್ದರು. ಮೂಡುಬಿದಿರೆಯ ಬಾಡಿಗೆ ಮನೆ ಬಿಟ್ಟು, ನೆರಿಯ ಎಂಬ ಊರಿನ ಕಾಡಂಚಿನ ಗೇರು ಗುಡ್ಡೆಯಲ್ಲಿ ಮಣ್ಣಿನ ಮನೆ ಕಟ್ಟಿಸಿದರು. ಅಕ್ಕಿ ಬರುವುದು ಮಾಮನ ಗದ್ದೆಯಿಂದ, ಉಳಿದದ್ದೆಲ್ಲ ನಮ್ಮ ಗುಡ್ಡೆಯಿಂದ.

"ಒಂದು ವರ್ಷ ಏನೂ ಕೊಳ್ಳುವುದು ಬೇಡ. ಉಪ್ಪು, ಬೆಂಕಿಪೊಟ್ಟಣ ಎರಡೇ. ಆಗ್ತದಾ ನೋಡುವ," ಎಂದರು ಅಪ್ಪ.

"ಮಕ್ಕಳಿಗೆ ಹುಷಾರು ತಪ್ಪಿದರೆ?" ಎಂದು ಅಮ್ಮ ಕೇಳಿದಳು.

"ಗುಡ್ಡೆಯಲ್ಲಿ ಇಲ್ಲದ ಮದ್ದು ಯಾವುದುಂಟು ಮಾರಾಯ್ತಿ?"

ಸುಳ್ಳು ಹೇಳಬಾರದು, ನನಗೆ ಆ ಬದುಕು ಇಷ್ಟವಾಗಿತ್ತು. ಬೆಳಿಗ್ಗೆ ಉಮಿಕರಿಯಲ್ಲಿ ಹಲ್ಲುಜ್ಜಿ ಕಪ್ಪು ಬಾಯಿ ತೋರಿಸಿ ತಮ್ಮನನ್ನು ಹೆದರಿಸುತ್ತಿದ್ದೆ. ಗಂಜಿಗೆ ಒಂದೆಲಗದ ಚಟ್ನಿ, ಕೆಂಡದಲ್ಲಿ ಸುಟ್ಟ ಹಲಸಿನ ಬೀಜ, ಕೆಸುವಿನೆಲೆಯ ಪತ್ರೊಡೆ. ಚರಣ ಹಕ್ಕಿಗಳ ಕೂಗು ಕಲಿತಿದ್ದ. ಗೇರುಮರದ ಹಿಂದೆ ಅಡಗಿ ಕುಟ್ರುಹಕ್ಕಿಯಂತೆ ಕೂಗುವುದು, ಅದು ಹಕ್ಕಿಯೋ ಅವನೋ ಎಂದು ನಾನು ಹೇಳುವುದು, ಇದೇ ನಮ್ಮ ಆಟ. ಹೆಚ್ಚಿನ ಸಲ ನಾನೇ ಸೋಲುತ್ತಿದ್ದೆ. ಅಮ್ಮನಿಗೆ ಆಟವಿರಲಿಲ್ಲ. ನೀರು ಹೊತ್ತು, ಒರಳು ತಿರುಗಿಸಿ, ಅಂಟುವಾಳದಲ್ಲಿ ಬಟ್ಟೆ ಒಗೆದು ಅವಳ ಅಂಗೈ ಬಿರುಕು ಬಿಟ್ಟಿತ್ತು.

ಪೇಪರಿನಲ್ಲಿ ನಮ್ಮ ಫೋಟೋ ಬಂದ ಮೇಲೆ ಭಾನುವಾರಗಳಲ್ಲಿ ಬೆಳ್ತಂಗಡಿ, ಬಂಟ್ವಾಳದ ಕಡೆಯಿಂದ ಜನ ನೋಡಲು ಬರತೊಡಗಿದರು. "ಟೀವಿ ಬೇಕಂತ ಆಗುದಿಲ್ವಾ?" ಎಂದು ಅವರು ಕೇಳಿದರೆ, "ನಮಗೆ ಎಲ್ಲ ಇಲ್ಲೇ ಉಂಟು," ಎನ್ನುತ್ತಿದ್ದೆ. ಅಪ್ಪನ ಮುಖ ಅರಳುತ್ತಿತ್ತು. ಅದಕ್ಕಾಗಿಯೇ ನಾನು ಹೇಳುತ್ತಿದ್ದೆ.

ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲಿ ಚರಣನಿಗೆ ಕಿವಿನೋವು ಬಂತು. ಅಪ್ಪ ತುಳಸಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು. ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬಟ್ಟೆ ಬಿಸಿಮಾಡಿ ಕಿವಿಗೆ ಒತ್ತುತ್ತ ಗಂಟೆಗಟ್ಟಲೆ ಕೂತರು. ನೋವು ಇಳಿದಂತೆ ಕಂಡಿತು, ಆಮೇಲೆ ಕೀವು ಶುರುವಾಯಿತು.

"ಬೆಳ್ತಂಗಡಿಗೆ ಹೋಗಿ ಡಾಕ್ಟ್ರಿಗೆ ತೋರಿಸುವ," ಎಂದಳು ಅಮ್ಮ.

"ಒಳಗಿನ ನಂಜು ಹೊರಗೆ ಬರುದು ಒಳ್ಳೆಯದೇ. ಎರಡು ದಿನ ನೋಡುವ."

ಎರಡು ದಿನ ಎರಡು ವಾರವಾಯಿತು. ಆ ಭಾನುವಾರ ಜನ ಬರುವ ಮೊದಲು ಅಪ್ಪ ನನ್ನನ್ನು ಕರೆದು, "ತಮ್ಮನ ಕಿವಿ ಒರೆಸು ಮಗಳೇ. ಬಂದವರು ಏನಾದರೂ ತಿಳ್ಕೊಳ್ತಾರೆ," ಎಂದರು. ನಾನು ಒರೆಸಿದೆ. ವಾಸನೆ ಬರುತ್ತಿತ್ತು. ಕಿವಿ ಮುಚ್ಚುವಂತೆ ತಲೆಗೊಂದು ಬೈರಾಸು ಸುತ್ತಿ ಕೂರಿಸಿದೆ. ಬಂದವರಲ್ಲಿ ಒಬ್ಬ ಹೆಂಗಸು ಅವನ ಗಲ್ಲ ಮುಟ್ಟಿ, "ಇವನ ಮೈ ಬಿಸಿ ಉಂಟಲ್ಲ, ಹುಷಾರಿಲ್ವಾ?" ಎಂದು ಕೇಳಿದರು. ಅಮ್ಮ ಒಳಗೆ ಒಲೆಯ ಮುಂದಿದ್ದಳು.

"ಬಿಸಿಲಲ್ಲಿ ಆಡಿದ್ದಾನೆ ಅಷ್ಟೇ," ಎಂದೆ ನಾನು. ಆ ವಾರವಿಡೀ ಬಿಸಿಲೇ ಬಿದ್ದಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಚರಣನಿಗೆ ಕತ್ತು ಬಗ್ಗಿಸಲಾಗಲಿಲ್ಲ. ಕುಡಿದ ಗಂಜಿಯೆಲ್ಲ ಕಾರಿದ. ಅಮ್ಮ ಅವನನ್ನು ಸೊಂಟಕ್ಕೆತ್ತಿಕೊಂಡು ಅಂಗಳಕ್ಕಿಳಿದಳು.

"ಸಂಜೆವರೆಗೆ ನೋಡುವ," ಎಂದರು ಅಪ್ಪ.

"ನೀವು ನೋಡಿ. ನಾನು ಹೋಗ್ತೇನೆ."

ನಾನು ಅವಳ ಹಿಂದೆ ಓಡಿದೆ. ರಸ್ತೆಯವರೆಗೆ ನಡಿಗೆ, ಬೆಳ್ತಂಗಡಿಗೆ ಜೀಪು, ಅಲ್ಲಿಂದ ಮಂಗಳೂರಿನ ದೊಡ್ಡಾಸ್ಪತ್ರೆ. ಕಿವಿಯ ಕೀವು ಮಿದುಳಿನ ಪೊರೆಗೆ ಹತ್ತಿದೆ ಎಂದರು. ಎಷ್ಟು ದಿನವಾಯಿತೆಂದು ಡಾಕ್ಟರು ಕೇಳಿದಾಗ ಅಮ್ಮ, "ಹದಿನಾರು," ಎಂದಳು. ಅಷ್ಟರಲ್ಲಿ ಬಂದು ತಲುಪಿದ್ದ ಅಪ್ಪ ಗೋಡೆಗೆ ಒರಗಿ ನಿಂತಿದ್ದರು. ಡಾಕ್ಟರು ಅವರನ್ನು ಏನೂ ಕೇಳಲಿಲ್ಲ.

ತಮ್ಮ ಬದುಕಿದ. ಒಂಬತ್ತನೇ ದಿನ ಕಣ್ಣು ಬಿಟ್ಟು, ಮಾತಾಡಿಸುತ್ತಿದ್ದ ಅಮ್ಮನ ಬಾಯಿಯನ್ನೇ ನೋಡಿದ. "ಅಮ್ಮಾ, ಜೋರಾಗಿ ಮಾತಾಡು," ಎಂದ. ಅವಳು ಜೋರಾಗಿ ಕರೆದಳು. "ಇನ್ನೂ ಜೋರಾಗಿ," ಎಂದ. ವಾರ್ಡಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕರೆದಳು. ಎರಡೂ ಕಿವಿ ಹೋಗಿದ್ದವು.

ವರ್ಷ ತುಂಬುವ ಮೊದಲೇ ಮೂಡುಬಿದಿರೆಗೆ ಮರಳಿದೆವು. ಅಪ್ಪ ಕ್ಯಾಂಟೀನೊಂದರಲ್ಲಿ ಕೆಲಸಕ್ಕೆ ಸೇರಿದರು. ಸಾಯುವವರೆಗೂ ಅವರು ಆ ಗುಡ್ಡೆಯ ಸುದ್ದಿ ಎತ್ತಲಿಲ್ಲ. ಅಮ್ಮ ಒಂದು ದಿನವೂ ಅವರನ್ನು ದೂರಲಿಲ್ಲ. ಇಬ್ಬರ ನಡುವೆ ಮಾತೇ ಕಡಿಮೆಯಾಯಿತು.

ಈಗ ನನ್ನ ಗೆಳತಿಯರು ಪೇಟೆ ಬಿಟ್ಟು ಸರಳವಾಗಿ ಬದುಕುವ ಮಾತಾಡುತ್ತಾರೆ, ನಿನಗೆ ಅನುಭವ ಉಂಟಲ್ಲ, ಹೇಳು ಎನ್ನುತ್ತಾರೆ. ಆ ಚಟ್ನಿಯ ರುಚಿ ಮತ್ತೆ ಸಿಕ್ಕಿಲ್ಲ ಎನ್ನುತ್ತೇನೆ. ಅದು ನಿಜ. ಮುಂದಿನದನ್ನು ಬಿಟ್ಟು ಪತ್ರೊಡೆ ಮಾಡುವ ಬಗೆ ಹೇಳಿಕೊಡುತ್ತೇನೆ.

ಚರಣ ಶಿರ್ತಾಡಿಯಲ್ಲಿ ಟೈಲರ್. ಅಮ್ಮ ಅವನ ಜೊತೆಗಿದ್ದಾಳೆ. ಕಳೆದ ಸಲ ಹೋದಾಗ, ಆ ಭಾನುವಾರ ನಾನು ಹೇಳಿದ ಸುಳ್ಳನ್ನು ಅವನಿಗೆ ತಿಳಿಸಿದೆ. ನನ್ನ ತುಟಿ ನೋಡುತ್ತ ಕೇಳಿಸಿಕೊಂಡ. "ನೀನೂ ಸಣ್ಣವಳಲ್ವಾ," ಎಂದ, ನಮಗಷ್ಟೇ ಅರ್ಥವಾಗುವ ತನ್ನ ಏರಿಳಿತವಿಲ್ಲದ ಮಾತಿನಲ್ಲಿ. ಕೈಯಲ್ಲಿದ್ದ ಬಟ್ಟೆ ಬದಿಗಿಟ್ಟು, "ಅಕ್ಕಾ, ಅಮ್ಮನ ಸ್ವರಕ್ಕೆ ಈಗ ವಯಸ್ಸಾಗಿದೆಯಾ?" ಎಂದು ಕೇಳಿದ.

ಅಮ್ಮ ಅಂಗಳದಲ್ಲಿ ಪಕ್ಕದ ಮನೆಯವರ ಹತ್ತಿರ ಮಾತಾಡುತ್ತಿದ್ದಳು. ಅವಳ ಸ್ವರವನ್ನು ನಾನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ. ಕಿವಿಗೊಟ್ಟು ಕೇಳಿದೆ. ಆಮೇಲೆ ಹೌದೆಂದು ತಲೆಯಾಡಿಸಿದೆ.