ಬಾಯಿಗೆ ಕಟ್ಟಿದ ಅರಿಶಿಣದ ಬಟ್ಟೆ

ನಮ್ಮ ಮನೆಯವರಿಗೆ ಕ್ಷಯ ಎಂದು ಗೊತ್ತಾದಾಗ ಮಗಳಿಗೆ ಎರಡು ತಿಂಗಳು. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಇವರಿಗೆ ಕೆಲಸ ಸಿಕ್ಕಿ, ಧಾರವಾಡದ ಕಡೆಯಿಂದ ಬಂದು ಚಾಳಿನ ಎರಡು ಕೋಣೆಯಲ್ಲಿ ಸಂಸಾರ ಹೂಡಿದ್ದೆವು. ಹಳಿಯಾಳದ ಡಾಕ್ಟರು ಸೂಜಿ, ಗುಳಿಗೆ ಬರೆದುಕೊಟ್ಟು, "ಕೂಸಿನ ಹತ್ರ ಹೋಗೂಮುಂದ ಬಾಯಿ ಮೂಗು ಕಟ್ಟಿಕೊಳ್ರಿ. ಆ ಬಟ್ಟಿ ದಿನಾ ಕುದಿಸಿ ಬಿಸಲಾಗ ಹಾಕ್ರಿ" ಎಂದರು. ಕೂಸನ್ನು ಕರೆದುಕೊಂಡು ತವರಿಗೆ ಹೋಗು ಎಂದು ಅತ್ತೆ ಕಾಗದ ಬರೆಸಿದರು. ನಾನು ಹೋದರೆ ಇವರಿಗೆ ಗಂಜಿ ಕಾಯಿಸುವವರು ಯಾರು? ಎಲ್ಲಿಗೂ ಹೋಗುವುದಿಲ್ಲ, ಕೂಸಿಗೆ ರೋಗ ಹತ್ತಗೊಡುವುದೂ ಇಲ್ಲ ಎಂದು ಹಟ ಹಿಡಿದೆ.

ಇವರ ಹಳೆಯ ಧೋತರ ಹರಿದು ನಾಲ್ಕು ಪದರ ಮಾಡಿ ಹೊಲಿದೆ, ಮೂಲೆಗಳಿಗೆ ಲಾಡಿ ಹಚ್ಚಿದೆ. ಬರೀ ಬಟ್ಟೆ ಸಾಕೆನ್ನಿಸಲಿಲ್ಲ. ಗಾಯಕ್ಕೆ ಅರಿಶಿಣ, ಸಿಡುಬಿಗೆ ಬೇವು, ಇದಕ್ಕೇಕೆ ಆಗಬಾರದು? ಬೇವಿನೆಲೆ ಕುದಿಸಿ, ಅರಿಶಿಣ ಕದಡಿ, ಅದರಲ್ಲಿ ಬಟ್ಟೆಗಳನ್ನು ಅದ್ದಿ ತೆಗೆದೆ. ಕಟ್ಟಿಕೊಂಡ ಇವರು ಮುಖ ಸಿಂಡರಿಸಿದರು.

"ಏನ್ ಕಹಿನ ಇದು! ರೋಗಕ್ಕಿಂತ ಮೊದಲ ನಾನ ಓಡಿ ಹೋಗ್ತೇನಿ ನೋಡು."

"ಕಟ್ಟಿಕೊಂಡ ಓಡ್ರಿ" ಎಂದೆ.

ಕುದಿಸಿದರೆ ಅರಿಶಿಣ ಬಿಡುತ್ತದೆ, ಬಿಸಿಲಿಗೆ ಹಾಕಿದರೆ ಹಾರಿಹೋಗುತ್ತದೆ. ಇದು ಯಾವ ಹೆಂಗಸಿಗೆ ಗೊತ್ತಿಲ್ಲ? ಅದಕ್ಕೇ ಎರಡು ದಿನಕ್ಕೊಮ್ಮೆ ತಣ್ಣೀರಿನಲ್ಲಿ ಜಾಲಿಸಿ, ಒಳಕೋಣೆಯ ಕತ್ತಲಲ್ಲಿ ಹಗ್ಗ ಕಟ್ಟಿ ಒಣಗಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಇನ್ನೊಂದು ಕಾರಣವೂ ಇತ್ತು. ಹೊರಗೆ ಹಾಕಿದರೆ ಚಾಳಿಗೆಲ್ಲ ರೋಗದ ಸುದ್ದಿ ಆಗುತ್ತಿತ್ತು.

ಮೂರು ವಾರದ ಮೇಲೆ ಕೂಸನ್ನು ನೋಡಲು ದವಾಖಾನೆಯ ನರ್ಸಬಾಯಿ ಮನೆಗೆ ಬಂದರು. ಹಳದಿ ಬಟ್ಟೆಗಳನ್ನು ಜಂಬದಿಂದಲೇ ತೋರಿಸಿದೆ. ಅವರು ಬಟ್ಟೆ ನೋಡಲಿಲ್ಲ, ಹಗ್ಗದ ಕೆಳಗೆ ನೋಡಿದರು. ಅಲ್ಲಿ ತೊಟ್ಟಿಲಿತ್ತು.

"ಬಿಸಲಾಗ ಯಾಕ ಹಾಕಿಲ್ಲ?"

"ಅರಿಶಿಣ ಹೋಗ್ತೈತ್ರೀ."

"ಹೋದರ ಹೋಗಲಿ! ಈ ರೋಗದ ಹುಳಾ ಅರಿಶಿಣಕ್ಕ ಅಂಜಂಗಿಲ್ಲ ತಂಗಿ, ಬಿಸಲಿಗೆ ಅಂಜತಾವ. ಹೊಲಸ ಬಟ್ಟಿ ಕೂಸಿನ ಮ್ಯಾಲ ಹಾಕೀಯಲ್ಲ!"

ಮೂರು ವಾರ ಆ ರೋಗವನ್ನು ನನ್ನ ಕೈಯಾರೆ ತೊಟ್ಟಿಲ ಮೇಲೆ ತೂಗುಹಾಕಿದ್ದೆ. ನನ್ನ ಮೇಲೆ ನನಗೆ ಅಷ್ಟು ಸಿಟ್ಟು ಮತ್ತೆಂದೂ ಬಂದಿಲ್ಲ. ಅಳುತ್ತ ಕೂರಲು ಮಾತ್ರ ಮನಸ್ಸಾಗಲಿಲ್ಲ. ಆಗಲೇ ಒಲೆ ಹೊತ್ತಿಸಿ ಬಟ್ಟೆಗಳನ್ನೆಲ್ಲ ಕುದಿಸಿದೆ, ನೀರು ಹಳದಿಯಾಯಿತು. ಬುಟ್ಟಿ ಎತ್ತಿಕೊಂಡು ಹೋಗಿ ಚಾಳಿನ ಎದುರಿನ ತಂತಿಗೆ, ಎಲ್ಲರ ಕಣ್ಣೆದುರು ಸಾಲಾಗಿ ಹಾಕಿದೆ.

"ಏನ್ರೀ ಇವು, ಕೂಸಿನ ತಲಿಗೆ ಕಟ್ಟೂ ಕುಲಾಯಿ ಏನು?" ಎಂದು ಪಕ್ಕದ ಮನೆಯಾಕೆ ಕೇಳಿದಳು.

"ಅಲ್ರೀ, ನಮ್ಮನಿಯವರು ಬಾಯಿಗೆ ಕಟ್ಟಿಕೊಳ್ಳೂ ಬಟ್ಟಿ. ಅವರಿಗೆ ಕ್ಷಯ ಐತಿ."

ಆಕೆ ತನ್ನ ಸೀರೆಯನ್ನು ತಂತಿಯಿಂದ ಎಳೆದುಕೊಂಡು ಒಳಗೆ ಹೋದಳು. ಮರುದಿನ ತಂತಿಯೆಲ್ಲ ನನಗೇ ಖಾಲಿ ಇತ್ತು. ಒಳ್ಳೆಯದೇ ಆಯಿತು, ಜಾಗ ಸಾಲುತ್ತಿರಲಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣದಾಗ ಕುದಿಸಿದ ಮೇಲೆ ಇದ್ದಿಲಿನ ಇಸ್ತ್ರಿ ತಿಕ್ಕಿದೆ. ಒಂದು ದಿನವೂ ತಪ್ಪಿಸಲಿಲ್ಲ. ಇವರ ಊಟ ಬೇರೆ ಕೋಣೆಯಲ್ಲಿ, ಹಾಸಿಗೆಯೂ ಅಲ್ಲೇ. ಮಗಳಿಗೆ ಸಣ್ಣ ಕೆಮ್ಮು ಬಂದರೂ ಎತ್ತಿಕೊಂಡು ದವಾಖಾನೆಗೆ ಓಡುತ್ತಿದ್ದೆ. ಪ್ರತಿಸಲವೂ ಬರೀ ನೆಗಡಿ.

ವರ್ಷ ದಾಟಿದ ಮೇಲೆ ನರ್ಸಬಾಯಿ, "ಕಫದಾಗ ಈಗ ಏನೂ ಇಲ್ಲ, ಕೂಸೂ ಗಟ್ಟಿಮುಟ್ಟ ಐತಿ. ಇನ್ನ ಬಟ್ಟಿ ಬಿಚ್ಚರಿ" ಎಂದರು. ಮನೆಗೆ ಬಂದು ಇವರು ಕಟ್ಟೆಯ ಮೇಲೆ ಕುಳಿತು ಲಾಡಿ ಬಿಚ್ಚಿ, ಮಗಳತ್ತ ಕೈ ಚಾಚಿದರು. ಅವಳು ಕಿಟಾರನೆ ಕಿರುಚಿ ನನ್ನ ಸೀರೆಯೊಳಗೆ ಮುಖ ಹುದುಗಿಸಿದಳು. ಅವಳು ಕಂಡಿದ್ದ ಅಪ್ಪನಿಗೆ ಬರೀ ಕಣ್ಣು ಇದ್ದವು.

"ತಡಿ, ಮತ್ತ ಕಟ್ಟಿಕೊಳ್ತೇನಿ. ಹೆದರ್ಯಾಳ" ಎಂದರು.

"ಏನೂ ಬ್ಯಾಡ. ಅಳಲಿ ಬಿಡ್ರಿ" ಎಂದು ಮಗಳನ್ನು ಅವರ ತೊಡೆಯ ಮೇಲೆ ಕೂರಿಸಿಯೇಬಿಟ್ಟೆ.

ಅತ್ತಳು, ಒದ್ದಳು, ದಣಿದಳು. ಆಮೇಲೆ ಬಿಕ್ಕುತ್ತಲೇ ಕೈ ಚಾಚಿ ಮೀಸೆ ಹಿಡಿದು ಎಳೆದಳು. ಅಪ್ಪನಿಗೆ ಮೀಸೆ ಇದೆ ಎಂದು ಅವಳಿಗೆ ಗೊತ್ತಾದದ್ದು ಅವತ್ತೇ.